ಕೆಂಪು ಪಾನಕ ಮತ್ತು ಎರಡು ಪ್ರಶ್ನೆಗಳು

ಕಳೆದ ಬೇಸಗೆಯ ರಜೆಯಲ್ಲಿ ರಾಯಚೂರಿನಲ್ಲಿರುವ ನನ್ನ ಸೋದರತ್ತೆಯವರ ಮನೆಗೆ ಹೋಗಿದ್ದೆ. ಬಿಸಿಲಿನಲ್ಲಿ ಬಳಲಿ ಒಳಗೆ ಕಾಲಿಟ್ಟ ನನಗೆ ಅವರು ಗಾಜಿನ ಲೋಟದಲ್ಲಿ ಮಾಣಿಕ್ಯದಂತೆ ಕೆಂಪಾದ ಒಂದು ಪಾನೀಯವನ್ನು ತಂದಿತ್ತರು. ಮೇಲೆ ಮಂಜುಗಡ್ಡೆಯ ಎರಡು ತುಂಡುಗಳು ತೇಲುತ್ತಿದ್ದುವು. ಹಿತವಾದ ಹುಳಿ, ತುಸು ಸಿಹಿ, ಹಣ್ಣಿನ ಕಂಪು; ಒಂದು ಗುಟುಕಿಗೇ ಹಾಯೆನಿಸಿತು. ಅದೇನೆಂದು ಕೇಳಿದೆ. ಅವರು ಒಳಗಿನಿಂದ ಬಣ್ಣಬಣ್ಣದ ಒಂದು ಪೊಟ್ಟಣವನ್ನು ತಂದು ತೋರಿಸಿ, “ಹಣ್ಣಿನ ಚಹಾ ಅಂತ. ಮಗಳು ಬೆಂಗಳೂರಿಂದ ತಂದಾಳ. ನೋಡಪಾ, ಇದು ಬಿ.ಪಿ. ಇಳಸ್ತದಂತ. ಗುಳಿಗಿ ಬಿಟ್ಟು ಹದಿನೈದು ದಿನ ಆತು” ಎಂದರು.

ಆ ಕೊನೆಯ ಮಾತನ್ನು ಕೇಳಿ ನನ್ನ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. ಮರುದಿನ ಬೆಳಗ್ಗೆಯೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದೆವು. ರಕ್ತದೊತ್ತಡದ ಮೇಲಿನ ಅಂಕೆ ೧೭೮ ಇತ್ತು. ವೈದ್ಯರು ಮಾತ್ರೆಗಳನ್ನು ಕೂಡಲೇ ಮತ್ತೆ ಪ್ರಾರಂಭಿಸಿದರು. ದೈವವಶಾತ್ ಅನರ್ಥವೇನೂ ಆಗಲಿಲ್ಲ; ಆದರೆ ಆಗಬಹುದಾಗಿತ್ತು.

ಊರಿಗೆ ಹಿಂದಿರುಗುವಾಗ ಆ ಪೊಟ್ಟಣವನ್ನು ಕೇಳಿ ತೆಗೆದುಕೊಂಡು, ರೈಲಿನಲ್ಲಿ ಅದರ ಮೇಲಿನ ಬರಹವನ್ನು ಮತ್ತೆ ಮತ್ತೆ ಓದಿದೆ. “ಹಣ್ಣುಗಳ ಸೊಗಸಾದ ಚಹ”, “ಬಿಸಿಯಾಗಿಯೂ ತಣ್ಣಗೂ ಸವಿಯಿರಿ, ಬೇಸಗೆಯಲ್ಲಿ ದೇಹಕ್ಕೆ ತಂಪು”, “ರಕ್ತದೊತ್ತಡಕ್ಕೆ ಹಿತಕರ” ಎಂದು ಅದರಲ್ಲಿ ಅಚ್ಚಾಗಿತ್ತು. ಈ ಮೂರರಲ್ಲಿ ಒಂದನ್ನಾದರೂ ಶುದ್ಧ ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಒಂದನ್ನಾದರೂ ಸತ್ಯವೆಂದು ಒಪ್ಪಿಕೊಳ್ಳುವಂತೆಯೂ ಇರಲಿಲ್ಲ. ಏಕೆಂದರೆ ಪ್ರತಿಯೊಂದರಲ್ಲಿಯೂ ಎರಡು ಸಂಗತಿಗಳನ್ನು ಬಿಟ್ಟಿದ್ದರು: ಎಷ್ಟು? ಯಾವ ಸ್ಥಿತಿಯಲ್ಲಿ? ವಿಜ್ಞಾನದ ಮಾತಿಗೂ ಮಾರಾಟದ ಮಾತಿಗೂ ಇರುವ ಅಂತರವೆಲ್ಲ ಈ ಎರಡು ಸಣ್ಣ ಪ್ರಶ್ನೆಗಳಲ್ಲಿ ಅಡಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ವಿದ್ಯಾರ್ಥಿಮಿತ್ರರು ಪರೀಕ್ಷೆಗಾಗಿ ನೂರು ಸೂತ್ರಗಳನ್ನು ಬಾಯಿಪಾಠ ಮಾಡಿದರೂ ಈ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬಾರದಿದ್ದರೆ ಅವರು ವಿಜ್ಞಾನವನ್ನು ಕಲಿತಂತಾಗಲಿಲ್ಲ. ಆ ಅಭ್ಯಾಸವನ್ನು ಕಲಿಸಲು ಒಂದು ಲೋಟ ಕೆಂಪು ಪಾನಕವೇ ಸಾಕೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಚಹವೆಂದರೆ ಕ್ಯಾಮೆಲಿಯ ಸೈನೆನ್ಸಿಸ್ ಎಂಬ ಗಿಡದ ಎಲೆ. ಹಣ್ಣಿನ ಚಹದಲ್ಲಿ ಸಾಮಾನ್ಯವಾಗಿ ಆ ಗಿಡದ ಸುಳಿವೂ ಇರುವುದಿಲ್ಲ. ಹಣ್ಣಾದರೂ ಇರುವುದೇ? ಇರುವುದು, ಆದರೆ ಎಷ್ಟು? ನಮ್ಮ ದೇಶದ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಪದಾರ್ಥಗಳ ಹೆಸರನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಹೆಚ್ಚು ಇರುವುದು ಮೊದಲು, ಕಡಮೆ ಇರುವುದು ಕೊನೆಗೆ. ಅತ್ತೆಯವರ ಪೊಟ್ಟಣದ ಮೇಲೆ ದೊಡ್ಡದಾಗಿ ಚಿತ್ರಿಸಿದ್ದ ಹಣ್ಣುಗಳ ಹೆಸರು ಆ ಪಟ್ಟಿಯ ತುದಿಯಲ್ಲಿತ್ತು. ಮೊದಲ ಹೆಸರು ಹೈಬಿಸ್ಕಸ್. ಯೂರೋಪಿನಲ್ಲಿ, ಅದರಲ್ಲಿಯೂ ಜರ್ಮನಿಯಲ್ಲಿ, ಬಹುಕಾಲದಿಂದ ಬಳಕೆಯಲ್ಲಿರುವ ಹಣ್ಣಿನ ಚಹಗಳ ರಚನೆಯೂ ಬಹುಮಟ್ಟಿಗೆ ಹೀಗೆಯೇ. ಹೈಬಿಸ್ಕಸ್, ಕಾಡುಗುಲಾಬಿಯ ಕಾಯಿ, ಒಣಗಿಸಿದ ಸೇಬಿನ ಚೂರು, ಇವು ಅವುಗಳ ಬುನಾದಿ. ಕೆಂಪು ಬಣ್ಣವೂ ಹುಳಿಯೂ ಮುಖ್ಯವಾಗಿ ಹೈಬಿಸ್ಕಸ್ಸಿನವು. ಹೆಸರಿಗೆ ಕಾರಣವಾದ ಹಣ್ಣಿನ ಪರಿಮಳವು ಅನೇಕ ವೇಳೆ ಪ್ರತ್ಯೇಕವಾಗಿ ಬೆರೆಸಿದ ಸುವಾಸನೆಯೇ ಆಗಿರುತ್ತದೆ.

ಈ ಹೈಬಿಸ್ಕಸ್ ನಮ್ಮ ದಾಸವಾಳದ ಕುಲಕ್ಕೆ ಸೇರಿದ ಗಿಡ. ಲಿನೇಯಸ್ ೧೭೫೩ರಲ್ಲಿ ಇದಕ್ಕೆ ಹೈಬಿಸ್ಕಸ್ ಸಬ್ದಾರಿಫ ಎಂಬ ಹೆಸರನ್ನಿತ್ತನು. ಪಾನೀಯಕ್ಕೆ ಬಳಸುವುದು ಇದರ ಹೂವಿನ ದಳವನ್ನಲ್ಲ; ದಳಗಳು ಉದುರಿದ ಮೇಲೆ ಕಾಯಿಯನ್ನು ಸುತ್ತುವರಿದು, ದಪ್ಪವಾಗಿ ರಸವತ್ತಾಗಿ ಬೆಳೆಯುವ ಕೆಂಪು ಪುಷ್ಪಪಾತ್ರೆಯನ್ನು. ಈಜಿಪ್ಟ್ ಮತ್ತು ಸೂಡಾನ್ ದೇಶಗಳಲ್ಲಿ ಇದರ ಪಾನೀಯಕ್ಕೆ ಕರ್ಕದೆ ಎಂದು ಹೆಸರು. ಚಳಿಯಲ್ಲಿ ಬಿಸಿಯಾಗಿ, ಸೆಕೆಯಲ್ಲಿ ತಣ್ಣಗೆ ಕುಡಿಯುವರು. ಸೆನೆಗಲ್ಲಿನಲ್ಲಿ ಅದೇ ಬಿಸಾಪ್, ಮೆಕ್ಸಿಕೋದಲ್ಲಿ ಹಮೈಕ, ಜಮೈಕ ದ್ವೀಪದಲ್ಲಿ ಶುಂಠಿ ಬೆರೆಸಿ ಕ್ರಿಸ್‌ಮಸ್ ಕಾಲದಲ್ಲಿ ಕುಡಿಯುವ ಸಾರೆಲ್. ಇನ್ನು ನಮ್ಮಲ್ಲಿ? ಉತ್ತರ ಕರ್ನಾಟಕದಲ್ಲಿ ಪುಂಡಿ ಎಂದು ಕರೆಯುವ ಹುಳಿಸೊಪ್ಪಿನ ಗಿಡಗಳಲ್ಲಿ ಇದೂ ಒಂದು. ಜೋಳದ ರೊಟ್ಟಿಯೊಡನೆ ಪುಂಡಿಪಲ್ಯವನ್ನು ನಲವತ್ತು ವರ್ಷಗಳಿಂದ ಮಾಡುತ್ತ ಬಂದ ಅತ್ತೆಯವರಿಗೆ, ಅದರ ಬಂಧುವೇ ಪೊಟ್ಟಣದ ವೇಷದಲ್ಲಿ ಬೆಂಗಳೂರಿನಿಂದ ಬಂದಿದೆಯೆಂಬುದು ತಿಳಿದಿರಲಿಲ್ಲ.

ಇನ್ನು ಬಣ್ಣವನ್ನು ನೋಡೋಣ. ಪೊಟ್ಟಣದ ಒಂದು ಮೂಲೆಯಲ್ಲಿ “ಯಾವ ರಾಸಾಯನಿಕವೂ ಇಲ್ಲ” ಎಂಬ ಮಾತೂ ಇತ್ತು. ಇದಕ್ಕೆ ಹೆಚ್ಚು ಉತ್ತರ ಬೇಕಾಗಿಲ್ಲ. ಆ ಕೆಂಪೇ ರಾಸಾಯನಿಕ. ಆಂಥೊಸಯನಿನ್ ಎಂಬ ವರ್ಗದ ವರ್ಣದ್ರವ್ಯ. ಅದನ್ನು ಕರಗಿಸಿಕೊಂಡಿರುವ ನೀರೂ ರಾಸಾಯನಿಕವೇ. ಈ ವರ್ಣದ್ರವ್ಯದ ವೈಶಿಷ್ಟ್ಯವೇನೆಂದರೆ, ಅದರ ಬಣ್ಣ ಯಾವುದೆಂದು ಕೇಳಿದರೆ ಉತ್ತರವೇ ಇಲ್ಲ. ಯಾವ ಸ್ಥಿತಿಯಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಆಮ್ಲದಲ್ಲಿ ಅದು ಕೆಂಪು. ಆಮ್ಲತೆ ಕುಗ್ಗಿದಂತೆ ನೇರಳೆ. ಕ್ಷಾರದಲ್ಲಿ ನೀಲಿ, ಹಸುರು. ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್ ಬಣ್ಣಗಳನ್ನು ಕುರಿತು ೧೬೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಯೊಲೆಟ್ ಹೂವಿನ ಪಾಕವು ಆಮ್ಲದಿಂದ ಕೆಂಪಾಗುವುದನ್ನೂ ಕ್ಷಾರದಿಂದ ಹಸುರಾಗುವುದನ್ನೂ ವಿವರಿಸಿದನು. ಆಮ್ಲ ಕ್ಷಾರಗಳನ್ನು ಗುರುತಿಸಲು ಹೂವಿನ ರಸ ಒಂದು ಸಾಧನವಾದುದು ಹೀಗೆ.

ಇಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಸಸ್ಯಗಳ ವರ್ಣದ್ರವ್ಯಗಳನ್ನು ಕುರಿತ ಸಂಶೋಧನೆಗಾಗಿ ೧೯೧೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್, ಕೆಂಪು ಗುಲಾಬಿಯಲ್ಲಿಯೂ ನೀಲಿಯ ಕಾರ್ನ್‌ಫ್ಲವರ್ ಹೂವಿನಲ್ಲಿಯೂ ಇರುವುದು ಒಂದೇ ವರ್ಣದ್ರವ್ಯವೆಂದು ತೋರಿಸಿದನು. ಒಂದೇ ದ್ರವ್ಯಕ್ಕೆ ಎರಡು ಬಣ್ಣ ಬರಲು ಜೀವಕೋಶದ ರಸ ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಕ್ಷಾರವಾಗಿರುವುದೇ ಕಾರಣವೆಂದು ಅವನು ಭಾವಿಸಿದನು. ಲೋಟದಲ್ಲಿ ಕಂಡ ಸತ್ಯ ಹೂವಿಗೂ ಅನ್ವಯಿಸಬೇಕೆಂಬುದು ಸಹಜವಾದ ಊಹೆ. ಆದರೆ ಹೂವಿನೊಳಗಿನ ಸ್ಥಿತಿ ಬೇರೆಯಾಗಿತ್ತು. ಆ ನೀಲಿಗೆ ಕಾರಣ ಕ್ಷಾರವಲ್ಲ. ವರ್ಣದ್ರವ್ಯದ ಅಣುಗಳು ಕಬ್ಬಿಣ, ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಅಯಾನುಗಳೊಡನೆ ಕೂಡಿ ಒಂದು ಜಟಿಲ ರಚನೆಯಾಗಿ ನಿಲ್ಲುವುದು. ಆ ರಚನೆಯ ಪೂರ್ಣ ಸ್ವರೂಪವನ್ನು ಜಪಾನಿನ ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದರು. ಸ್ಥಿತಿಯನ್ನು ಪರೀಕ್ಷಿಸದೆ ಮಾಡಿದ ಊಹೆ ಎಂತಹ ಮೇಧಾವಿಯನ್ನೂ ದಾರಿತಪ್ಪಿಸಬಲ್ಲುದು. ಅದನ್ನು ತಿದ್ದಿಕೊಳ್ಳುವ ಬಗೆಯೂ ವಿಜ್ಞಾನದಲ್ಲಿಯೇ ಇದೆ.

ವಾಚಕರು ಈ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಪೊಟ್ಟಣವೇ ಬೇಕೆಂದಿಲ್ಲ. ಹಿತ್ತಲಿನ ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿದರೂ ಸರಿ; ಕರಾವಳಿ ಮಲೆನಾಡುಗಳವರಿಗೆ ಮುರುಗಲು ಅಥವಾ ಪುನರ್ಪುಳಿಯ ಸಿಪ್ಪೆ ಇದೆ. ಅದರ ಕೆಂಪೂ ಆಂಥೊಸಯನಿನ್ನಿನದೇ. ಅದನ್ನು ಬಿಸಿಯಾಗಿ ಸಾರು ಮಾಡಿ, ತಣ್ಣಗೆ ಪಾನಕ ಮಾಡಿ ಕುಡಿಯುವುದು ಅಲ್ಲಿ ಹಿಂದಿನಿಂದಲೂ ಬಂದ ಪದ್ಧತಿ. ರಸವನ್ನು ಮೂರು ಲೋಟಗಳಿಗೆ ಹಂಚಿ ಒಂದಕ್ಕೆ ನಿಂಬೆರಸವನ್ನೂ ಇನ್ನೊಂದಕ್ಕೆ ಚಿಟಿಕೆ ಅಡಿಗೆ ಸೋಡಾವನ್ನೂ ಹಾಕಿ, ಮೂರನೆಯದನ್ನು ಹೋಲಿಕೆಗಾಗಿ ಹಾಗೆಯೇ ಇಡಿರಿ. ಬಳಿಕ ಕೆಲವೇ ಹನಿ ರಸವನ್ನು ಒಂದು ಲೋಟ ಮಳೆನೀರಿಗೂ ಒಂದು ಲೋಟ ಕೊಳವೆಬಾವಿಯ ನೀರಿಗೂ ಹಾಕಿ ಹೋಲಿಸಿರಿ. ನಿಮ್ಮ ಊರಿನ ನೀರು ಎಂತಹುದೆಂಬುದನ್ನು ಹೂವೇ ಹೇಳುತ್ತದೆ.

ಬಣ್ಣ ಇಷ್ಟು ಕೆಂಪಾಗಿರುವುದೆಂದರೆ ಆ ಪಾನೀಯ ಸಾಕಷ್ಟು ಆಮ್ಲವಾಗಿದೆಯೆಂದೇ ಅರ್ಥ. ಹೈಬಿಸ್ಕಸ್ ಕಷಾಯದ ಪಿ.ಎಚ್. ಸುಮಾರು ೩ರ ಆಸುಪಾಸಿನಲ್ಲಿರುತ್ತದೆ. ಹಲ್ಲಿನ ಎನಾಮಲ್ ಕರಗತೊಡಗುವ ಮಟ್ಟವನ್ನು ಸಾಮಾನ್ಯವಾಗಿ ೫.೫ ಎಂದು ಹೇಳುವರು. ಪಿ.ಎಚ್. ಮಾನದಲ್ಲಿ ಒಂದು ಅಂಕಿಯ ಇಳಿಕೆಗೆ ಆಮ್ಲತೆ ಹತ್ತರಷ್ಟಾಗುವುದರಿಂದ ಈ ಅಂತರ ಅಲ್ಪವಲ್ಲ. ಹಾಗೆಂದು ಭಯಪಡಬೇಕಾಗಿಲ್ಲ, ನಿಂಬೆಯ ಪಾನಕವೂ ಆಮ್ಲವೇ, ಬಾಯಿಯ ಲಾಲಾರಸ ಅದನ್ನು ಬೇಗನೆ ತೊಳೆಯುತ್ತದೆ. ಊಟದೊಡನೆ ಒಂದು ಲೋಟ ಕುಡಿಯುವುದು ಒಂದು ಸ್ಥಿತಿ. ಓದುವ ಮೇಜಿನ ಮೇಲೆ ಶೀಸೆಯನ್ನಿಟ್ಟುಕೊಂಡು ದಿನವಿಡೀ ಗುಟುಕರಿಸುತ್ತಿರುವುದು ಇನ್ನೊಂದು ಸ್ಥಿತಿ. ಹಲ್ಲಿಗೆ ಇವೆರಡೂ ಒಂದೇ ಅಲ್ಲ.

ಈಗ ಬಿಸಿ ತಂಪುಗಳ ವಿಚಾರಕ್ಕೆ ಬರೋಣ. ಇದು ನನ್ನ ವಿಷಯವಾದ ಭೌತಶಾಸ್ತ್ರಕ್ಕೆ ಸೇರಿದುದು. ಎಸಳನ್ನು ಕುದಿನೀರಿಗೆ ಹಾಕಿದರೆ ಐದಾರು ನಿಮಿಷಗಳಲ್ಲಿ ಸಾರವಿಳಿಯುತ್ತದೆ. ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಯಬೇಕು. ಕಾರಣ ವಿಸರಣ, ಎಂದರೆ ಅಣುಗಳು ದಟ್ಟವಾಗಿರುವೆಡೆಯಿಂದ ವಿರಳವಾಗಿರುವೆಡೆಗೆ ತಾವಾಗಿಯೇ ಹರಡಿಕೊಳ್ಳುವ ಕ್ರಿಯೆ. ಇದರ ನಿಯಮವನ್ನು ೧೮೫೫ರಲ್ಲಿ ನಿರೂಪಿಸಿದವನು ಅಡಾಲ್ಫ್ ಫಿಕ್ ಎಂಬ ಶರೀರಶಾಸ್ತ್ರಜ್ಞ. ೧೯೦೫ರಲ್ಲಿ ಐನ್‌ಸ್ಟೈನನು ಕೊಟ್ಟ ಸೂತ್ರದ ಪ್ರಕಾರ ವಿಸರಣದ ವೇಗ ನಿರಪೇಕ್ಷ ಉಷ್ಣತೆಗೆ ಅನುಲೋಮವಾಗಿಯೂ ದ್ರವದ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆ. ನೀರು ೨೦ ಡಿಗ್ರಿಯಿಂದ ೯೦ ಡಿಗ್ರಿಗೆ ಏರಿದಾಗ ಅದರ ಸ್ನಿಗ್ಧತೆ ಮೂರನೆಯ ಒಂದು ಭಾಗಕ್ಕಿಂತ ಕೊಂಚ ಕಡಮೆಯಾಗುತ್ತದೆ. ಲೆಕ್ಕಹಾಕಿದರೆ ವಿಸರಣದ ವೇಗ ಸುಮಾರು ನಾಲ್ಕರಷ್ಟಾಗುವುದು. ಆದರೆ ಐದು ನಿಮಿಷಕ್ಕೂ ಒಂದು ರಾತ್ರಿಗೂ ಇರುವ ವ್ಯತ್ಯಾಸ ನಾಲ್ಕರಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ವಿಸರಣವೊಂದೇ ಕಾರಣವಲ್ಲವೆಂದಾಯಿತು. ಕುದಿನೀರು ಎಸಳಿನ ಅಂಗಾಂಶವನ್ನೇ ಮೆತ್ತಗೆ ಮಾಡಿ ಸಾರಕ್ಕೆ ದಾರಿ ತೆರೆಯುತ್ತದೆ. ಎಷ್ಟು ಎಂದು ಕೇಳಿದುದರಿಂದಲೇ ಎರಡನೆಯ ಕಾರಣದ ಸುಳಿವು ನಮಗೆ ಸಿಕ್ಕಿತು. ಅಂತೆಯೇ ವಿಸರಣಕ್ಕೆ ಬೇಕಾಗುವ ಕಾಲವು ದೂರದ ವರ್ಗಕ್ಕೆ ಅನುಗುಣವಾದುದು. ಎಸಳಿನ ಚೂರಿನ ದಪ್ಪವನ್ನು ಅರ್ಧಮಾಡಿದರೆ ಕಾಲ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಪೊಟ್ಟಣದ ಸಣ್ಣ ಚೀಲಗಳಲ್ಲಿ ಪುಡಿಯನ್ನು ತುಂಬುವುದಕ್ಕೆ ಇದೇ ಕಾರಣ.

ಬಿಸಿ ಕಷಾಯವನ್ನು ತಂಪು ಪಾನೀಯವಾಗಿ ಮಾಡುವಾಗ ಅನೇಕರು ಅದನ್ನು ಒಲೆಯಿಂದ ಇಳಿಸಿದೊಡನೆ ಮಂಜುಗಡ್ಡೆಯ ಮೇಲೆ ಸುರಿಯುವರು. ಬಳಿಕ ರುಚಿ ಸಪ್ಪೆಯಾಯಿತೆಂದು ದೂರುವರು. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಕಂಡುಹಿಡಿದ ಗುಪ್ತೋಷ್ಣದ ಲೆಕ್ಕವನ್ನು ಇಲ್ಲಿ ಹಾಕಿ ನೋಡಿರಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು ೮೦ ಕ್ಯಾಲೊರಿ, ಕರಗಿದ ನೀರು ೧೦ ಡಿಗ್ರಿಗೆ ಏರಲು ಇನ್ನು ೧೦, ಒಟ್ಟು ೯೦ ಕ್ಯಾಲೊರಿ ಶಾಖವನ್ನು ಹೀರುತ್ತದೆ. ೮೦ ಡಿಗ್ರಿಯಲ್ಲಿರುವ ೨೦೦ ಗ್ರಾಂ ಕಷಾಯವನ್ನು ೧೦ ಡಿಗ್ರಿಗೆ ಇಳಿಸಲು ೧೪,೦೦೦ ಕ್ಯಾಲೊರಿ ತೆಗೆಯಬೇಕು. ಅದಕ್ಕೆ ಸುಮಾರು ೧೫೫ ಗ್ರಾಂ ಮಂಜುಗಡ್ಡೆ ಬೇಕು. ಪಾನೀಯದ ಮುಕ್ಕಾಲು ಪಾಲಿನಷ್ಟು ನೀರು ಹೀಗೆ ಸೇರಿಕೊಂಡ ಮೇಲೆ ಸಪ್ಪೆಯಾಗದೆ ಏನಾದೀತು? ಅದನ್ನೇ ಕಿಟಕಿಯ ಬಳಿಯಿಟ್ಟು ೩೦ ಡಿಗ್ರಿಗೆ ಆರಿಸಿ, ಅನಂತರ ಮಂಜುಗಡ್ಡೆ ಹಾಕಿದರೆ ೪೫ ಗ್ರಾಂ ಸಾಕು. ಗೃಹಿಣಿಯರು ಅನುಭವದಿಂದ ಅರಿತ ಉಪಾಯಕ್ಕೆ ಅಂಕಿಗಳ ಬೆಂಬಲ ಹೀಗೆ ದೊರೆಯುತ್ತದೆ.

ತಂಪಿನೊಡನೆ ಇನ್ನೊಂದು ಮೋಸವೂ ಇದೆ. ನಾಲಿಗೆಯಲ್ಲಿ ಸಿಹಿಯನ್ನು ಗ್ರಹಿಸುವ ವ್ಯವಸ್ಥೆಯ ಒಂದು ಭಾಗ ಉಷ್ಣತೆಗೆ ಅಧೀನವಾದುದೆಂದು ಬೆಲ್ಜಿಯಮ್ಮಿನ ಲುವೆನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೦೫ರಲ್ಲಿ ತೋರಿಸಿದರು. ೧೫ ಡಿಗ್ರಿಯಿಂದ ೩೫ ಡಿಗ್ರಿಗೆ ಏರಿದಂತೆ ಅದರ ಚಟುವಟಿಕೆ ಬಹಳವಾಗಿ ಹೆಚ್ಚುತ್ತದೆ. ಆದುದರಿಂದ ತಣ್ಣನೆಯ ಪಾನೀಯದಲ್ಲಿ ಸಕ್ಕರೆ ಎಷ್ಟಿದ್ದರೂ ಕಡಮೆಯೆಂದೇ ತೋರುತ್ತದೆ. ಕೈ ಮತ್ತೊಂದು ಚಮಚ ಹಾಕುತ್ತದೆ. ಶೈತ್ಯಪೆಟ್ಟಿಗೆಯಿಂದ ತೆಗೆದ ಪಾನಕವನ್ನು ಆರಲು ಬಿಟ್ಟು, ಬೆಚ್ಚಗಾದ ಮೇಲೆ ಕುಡಿದು ನೋಡಿದರೆ ಎಷ್ಟು ಸಕ್ಕರೆಯನ್ನು ನುಂಗುತ್ತಿದ್ದೆವೆಂಬುದು ತಿಳಿಯುತ್ತದೆ.

“ದೇಹಕ್ಕೆ ತಂಪು” ಎಂಬ ಮಾತನ್ನು ಈಗ ತೂಗಿ ನೋಡೋಣ. ೫ ಡಿಗ್ರಿಯಲ್ಲಿರುವ ೨೫೦ ಗ್ರಾಂ ಪಾನೀಯ ದೇಹದೊಳಗೆ ೩೭ ಡಿಗ್ರಿಗೆ ಬರಲು ೮,೦೦೦ ಕ್ಯಾಲೊರಿ, ಎಂದರೆ ೮ ಕಿಲೋಕ್ಯಾಲೊರಿ ಶಾಖವನ್ನು ತೆಗೆದುಕೊಳ್ಳುತ್ತದೆ. ೬೦ ಕಿಲೋಗ್ರಾಂ ತೂಕದ ಮನುಷ್ಯನ ಮೈಯನ್ನು ಇದು ಒಂದು ಡಿಗ್ರಿಯ ಆರನೆಯ ಒಂದು ಭಾಗದಷ್ಟು ತಂಪಾಗಿಸೀತು. ಅಷ್ಟೇ ಶಾಖವನ್ನು ತೆಗೆಯಲು ಚರ್ಮದ ಮೇಲಿನ ಬೆವರು ಎಷ್ಟು ಆರಬೇಕು? ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಬೇಕಾಗುವುದರಿಂದ ಕೇವಲ ೧೪ ಗ್ರಾಂ ಸಾಕು. ಆ ಲೋಟಕ್ಕೆ ೨೦ ಗ್ರಾಂ ಸಕ್ಕರೆ ಹಾಕಿದ್ದರೆ ಅದರಿಂದ ದೇಹಕ್ಕೆ ದೊರೆಯುವ ಶಕ್ತಿ ೮೦ ಕಿಲೋಕ್ಯಾಲೊರಿ; ತೆಗೆದ ಶಾಖದ ಹತ್ತರಷ್ಟು. ಸಕ್ಕರೆಯಿಂದ ಕೂಡಲೇ ಮೈ ಕಾಯುವುದೆಂದು ಇದರ ಅರ್ಥವಲ್ಲ. ಆದರೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಬೆವರಿನ ಈ ಮಹಿಮೆಯಿಂದ ಒಂದು ವಿಚಿತ್ರ ಫಲ ಉಂಟಾಗುತ್ತದೆ. ಸೆಕೆಯಲ್ಲಿ ಬಿಸಿ ಚಹ ಕುಡಿದರೆ ತಂಪಾಗುತ್ತದೆಂದು ಹಿರಿಯರು ಹೇಳುವುದನ್ನು ಕೇಳಿ ನಾವು ನಕ್ಕಿರುತ್ತೇವೆ. ಕೆನಡಾದ ಆಟವಾ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೈಕಲ್ ತುಳಿಯುತ್ತಿದ್ದವರಿಗೆ ಬೇರೆ ಬೇರೆ ಉಷ್ಣತೆಯ ನೀರನ್ನು ಕುಡಿಸಿ ದೇಹದಲ್ಲಿ ಉಳಿದ ಶಾಖವನ್ನು ಅಳೆದರು. ೫೦ ಡಿಗ್ರಿಯ ಬಿಸಿನೀರು ಕುಡಿದಾಗ ಉಳಿದ ಶಾಖ, ಕೊರೆಯುವ ತಣ್ಣೀರು ಕುಡಿದಾಗಿನದಕ್ಕಿಂತ ಕಡಮೆಯಾಗಿತ್ತು. ಬಿಸಿನೀರು ತಂದ ಶಾಖಕ್ಕಿಂತ ಅದರಿಂದ ಹೆಚ್ಚಿದ ಬೆವರು ಒಯ್ದ ಶಾಖವೇ ಅಧಿಕವಾಯಿತು. ಆದರೆ ಸಂಶೋಧಕರು ಒಂದು ನಿಬಂಧನೆಯನ್ನು ಸ್ಪಷ್ಟವಾಗಿ ಹೇಳಿದರು: ಬೆವರೆಲ್ಲವೂ ಆವಿಯಾಗುವಂತಿದ್ದರೆ ಮಾತ್ರ. ಮೇ ತಿಂಗಳ ರಾಯಚೂರಿನ ಒಣಗಾಳಿಯಲ್ಲಿ ಈ ನಿಬಂಧನೆ ನೆರವೇರೀತು. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದೆ ಧಾರೆಯಾಗಿ ಇಳಿಯುವುದು; ಅಲ್ಲಿ ಬಿಸಿ ಪಾನೀಯ ಬಿಸಿಯನ್ನೇ ಸೇರಿಸೀತು. ಬಿಸಿಯೋ ತಂಪೋ, ಯಾವುದು ಮೈಗೆ ತಂಪು? ಊರು ಯಾವುದೆಂದು ಹೇಳದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಕೊನೆಯದಾಗಿ, ಅತ್ತೆಯವರನ್ನು ಅಪಾಯದ ಅಂಚಿಗೆ ಒಯ್ದ ಮಾತು. “ರಕ್ತದೊತ್ತಡಕ್ಕೆ ಹಿತಕರ” ಎಂಬುದಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿರುವ ಟಫ್ಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೦ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ರಕ್ತದೊತ್ತಡ ತುಸು ಏರಿದ್ದ, ಆದರೆ ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳದ ೬೫ ಮಂದಿಯಲ್ಲಿ ಕೆಲವರಿಗೆ ದಿನಕ್ಕೆ ಮೂರು ಬಟ್ಟಲು ಹೈಬಿಸ್ಕಸ್ ಪಾನೀಯವನ್ನೂ, ಉಳಿದವರಿಗೆ ಅದನ್ನು ಹೋಲುವ ಹುಸಿ ಪಾನೀಯವನ್ನೂ ಆರು ವಾರ ಕೊಟ್ಟರು. ಮೊದಲ ಗುಂಪಿನಲ್ಲಿ ಮೇಲಿನ ಅಂಕೆ ಸರಾಸರಿ ೭.೨ ಮಿಲಿಮೀಟರಿನಷ್ಟು ಇಳಿಯಿತು. ಹುಸಿ ಪಾನೀಯ ಕುಡಿದವರಲ್ಲಿಯೂ ೧.೩ರಷ್ಟು ಇಳಿಯಿತು! ಹೈಬಿಸ್ಕಸ್ಸಿನ ಪಾಲಿಗೆ ಸಲ್ಲತಕ್ಕದ್ದು ಇವೆರಡರ ವ್ಯತ್ಯಾಸ, ಸುಮಾರು ೬. ಇದು ನಿಜವಾದ ಫಲ. ಗಿಡಮೂಲಿಕೆಯ ಮಾತೆಲ್ಲ ಮೂಢನಂಬಿಕೆಯೆಂದು ಮೂಗುಮುರಿಯುವ ನಮ್ಮ ಕೆಲವು ವಿಜ್ಞಾನಾಭಿಮಾನಿಗಳು ಇದನ್ನು ಗಮನಿಸಬೇಕು. ಆದರೆ ೧೭೮ರಿಂದ ೬ನ್ನು ಕಳೆದರೆ ಉಳಿಯುವುದು ೧೭೨. ಮೇಲಾಗಿ ಆ ೬೫ ಮಂದಿ ಅತ್ತೆಯವರ ಸ್ಥಿತಿಯವರಲ್ಲ. ಅವರ ಒತ್ತಡ ಸ್ವಲ್ಪವೇ ಏರಿತ್ತು, ಅವರು ಯಾವ ಮಾತ್ರೆಯನ್ನೂ ಬಿಟ್ಟವರಲ್ಲ. ಎಷ್ಟು ಎಂದು ಕೇಳಿದ್ದರೆ, ಯಾವ ಸ್ಥಿತಿಯಲ್ಲಿ ಎಂದು ಕೇಳಿದ್ದರೆ, ಆ ಹದಿನೈದು ದಿನಗಳು ಹಾಗೆ ಕಳೆಯುತ್ತಿರಲಿಲ್ಲ. ಮಾತ್ರೆಯೊಡನೆ ಇಂತಹ ಪಾನೀಯವನ್ನು ದಿನವೂ ಕುಡಿಯುವುದಾದರೆ ವೈದ್ಯರಿಗೆ ತಿಳಿಸಬೇಕಾದುದೂ ಇದೇ ಕಾರಣಕ್ಕೆ: ಒತ್ತಡವನ್ನಿಳಿಸುವ ಎರಡು ವಸ್ತುಗಳು ಒಟ್ಟಾಗಿ ಎಷ್ಟು ಇಳಿಸುತ್ತವೆಂಬುದನ್ನು ಅಳೆದೇ ತಿಳಿಯಬೇಕು.

ಕುಡಿದು ಸುಖಿಸಬೇಕಾದ ಪಾನಕಕ್ಕೆ ಅಂಕಿಗಳನ್ನು ಬೆರೆಸಿ ಸವಿಯನ್ನು ಕೆಡಿಸುತ್ತಿರುವೆನೆಂದು ಕೆಲವರು ಆಕ್ಷೇಪಿಸಬಹುದು. ನನ್ನ ಅನುಭವ ಹಾಗಿಲ್ಲ. ಆ ಬಣ್ಣ ಏಕೆ ಬಂತೆಂದು ತಿಳಿದ ಮೇಲೆ ಅದು ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಸವಿಗೆ ಪ್ರಮಾಣಪತ್ರ ಬೇಕಾಗಿಲ್ಲ, ಹಿಡಿಸಿದರೆ ಕುಡಿಯಿರಿ. ಸವಿ ಎನ್ನುವುದನ್ನು ಬಿಟ್ಟು ಮದ್ದು ಎನ್ನತೊಡಗಿದಾಗ ಮಾತ್ರ ಲೆಕ್ಕ ಕೊಡಬೇಕಾಗುತ್ತದೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದುದು ಪೊಟ್ಟಣವಲ್ಲ. ರಜೆ ಮುಗಿದ ಮೇಲೆ ಆ ಪುಡಿಯಲ್ಲಿ ಉಳಿದುದನ್ನು ತರಗತಿಗೆ ಒಯ್ದು, ಕಷಾಯ ಮಾಡಿ, ಒಬ್ಬ ವಿದ್ಯಾರ್ಥಿಯ ಕೈಗೆ ಅಡಿಗೆ ಸೋಡಾವನ್ನು ಕೊಟ್ಟು ಹಾಕಲು ಹೇಳಿದೆ. ಲಿಟ್ಮಸ್ಸಿನ ವಿಚಾರವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಹುಡುಗ ಅವನು. ಚಿಟಿಕೆಯನ್ನು ಹಿಡಿದು ನಿಂತು ನನ್ನನ್ನು ಕೇಳಿದ: “ಯಾವ ಬಣ್ಣ ಬರಬೇಕು, ಸರ್?” ಹಾಕಿದರೆ ಮರುಕ್ಷಣದಲ್ಲಿ ಕಣ್ಣಿಗೇ ಕಾಣುವ ಉತ್ತರವನ್ನು ಅವನು ನನ್ನ ಬಾಯಿಂದ ನಿರೀಕ್ಷಿಸಿದ. ಅವನದು ತಪ್ಪಲ್ಲ, ಬರಬೇಕಾದ ಬಣ್ಣ ಬಾರದಿದ್ದರೆ ಅಂಕ ಕಳೆಯುವ ನಾವು, ಅಧ್ಯಾಪಕರು, ಅವನಿಗೆ ಕಲಿಸಿದುದೇ ಅದು. ಏನು ಬರಬೇಕೆಂದು ಕೇಳಲು ಕಲಿತ ಹುಡುಗ ಮುಂದೆ ಪೊಟ್ಟಣದ ಬರಹವನ್ನು ಓದುವಾಗ ಏನನ್ನು ನಂಬಬೇಕೆಂದೇ ಕೇಳುತ್ತಾನೆ. ಅಲ್ಲಿ ಉತ್ತರ ಹೇಳಲು ಕಾದಿರುವವನು ಅಧ್ಯಾಪಕನಲ್ಲ, ವ್ಯಾಪಾರಿ.

ನಮ್ಮ ಅನೇಕ ಶಾಲೆಗಳಲ್ಲಿ ಪ್ರಯೋಗಶಾಲೆ ಇಲ್ಲ. ಇದ್ದೆಡೆಯಲ್ಲಿ ಉಪಕರಣಗಳು ಒಡೆದಾವೆಂಬ ಭಯದಿಂದ ಬೀರುವಿನೊಳಗಿರುತ್ತವೆ. ಆ ಕೊರತೆ ನೀಗಲೇಬೇಕು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾದ ಕಾರಣವಿಲ್ಲ. ಹಿಡಿ ದಾಸವಾಳ, ಚಿಟಿಕೆ ಸೋಡಾ, ಒಂದು ಉಷ್ಣತಾಮಾಪಕ, ಒಂದು ಗಡಿಯಾರ ಇದ್ದರೆ ಈ ಲೇಖನದ ಅರ್ಧದಷ್ಟು ಮಾತುಗಳನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಪರೀಕ್ಷಿಸಿ, ನನ್ನ ಅಂಕಿ ತಪ್ಪಿದ್ದರೆ ತಿದ್ದಲಿ. ಅಧ್ಯಾಪಕನಿಗೆ ಅದಕ್ಕಿಂತ ದ��ಡ್ಡ ಗುರುದಕ್ಷಿಣೆಯಿಲ್ಲ.

ಅತ್ತೆಯವರು ಈಗ ಕ್ಷೇಮವಾಗಿದ್ದಾರೆ. ಮಾತ್ರೆಯನ್ನು ತಪ್ಪಿಸುವುದಿಲ್ಲ, ವೈದ್ಯರನ್ನು ಕೇಳಿಕೊಂಡು ಆಗಾಗ ಒಂದು ಲೋಟ ಕೆಂಪು ಪಾನಕವನ್ನೂ ಕುಡಿಯುತ್ತಾರೆ. ಮೊನ್ನೆ ದೂರವಾಣಿಯಲ್ಲಿ ಮಾತನಾಡುವಾಗ, ಯಾರೋ ಮಧುಮೇಹಕ್ಕೆಂದು ಇನ್ನೊಂದು ಪೊಟ್ಟಣವನ್ನು ತಂದುಕೊಟ್ಟರೆಂದು ಹೇಳಿದರು. ನಾನು ಗಾಬರಿಯಿಂದ ಏನೋ ಹೇಳಹೊರಟೆ. ಅವರೇ ತಡೆದು, “ತಡಿಯಪಾ, ಓದೀನಿ. ಸಕ್ಕರಿ ಇಳಸ್ತದ ಅಂತ ಬರದಾರ. ಎಷ್ಟ್ ಇಳಸ್ತದ ಅಂತ ಎಲ್ಲೂ ಬರದಿಲ್ಲ. ಅದಕ್ಕ ಬಾಜೂಕ ಇಟ್ಟೀನಿ” ಎಂದರು.

ಅತ್ತೆಯವರು ಓದಿರುವುದು ನಾಲ್ಕನೆಯ ತರಗತಿಯವರೆಗೆ.